ಗಾಲಿಕುರ್ಚಿ ಚಿತ್ರದ ನಂಬರ್ ಪ್ಲೇಟ್ ಹಾಕಿಸಿದ ಮೇಲೆ ಪೊಲೀಸರು ನಿಲ್ಲಿಸುವುದೇ ಜಾಸ್ತಿ ಆಗಿದೆ, ಏನು ಮಾಡಲಿ?

ಎಡಗೈ ಬ್ರೇಕ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕೈಯಲ್ಲಿ ಚಹಾ ಇದ್ದರೆ ಒಳ್ಳೆಯದು.

ನನಗೆ ಎರಡು ವರ್ಷ ಇದ್ದಾಗ ಪೋಲಿಯೊ ಆಯಿತು. ಬಲಗಾಲಿಗೆ ಶಕ್ತಿ ಇಲ್ಲ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರದ ಚೌಕಟ್ಟು) ಹಾಕುತ್ತೇನೆ, ದೂರ ನಡೆಯುವುದಿದ್ದರೆ ಒಂದು ಊರುಗೋಲು. ಒಂಬತ್ತು ವರ್ಷ ಸೈಡ್ ವೀಲ್ ಸ್ಕೂಟರ್ (ಪಕ್ಕಕ್ಕೆ ಹೆಚ್ಚಿನ ಗಾಲಿ ಕೂರಿಸಿದ್ದು) ಓಡಿಸಿದೆ. ಆ ಒಂಬತ್ತು ವರ್ಷದಲ್ಲಿ ಪೊಲೀಸರು ನಿಲ್ಲಿಸಿದ್ದು ಎರಡೇ ಸಲ. ಒಮ್ಮೆ ಹೆಲ್ಮೆಟ್ ಇರಲಿಲ್ಲ, ತಪ್ಪು ನಂದೇ. ಇನ್ನೊಮ್ಮೆ ಚುನಾವಣೆ ಟೈಮು, ಬಂದವರನ್ನೆಲ್ಲ ನಿಲ್ಲಿಸುತ್ತಿದ್ದರು, ಡಿಕ್ಕಿ ತೆಗೆಸಿ ನೋಡಿ ಕಳಿಸಿದರು.

ಈ ವರ್ಷ ಕಾರು ತಗೊಂಡೆ. 2018ರ ಮಾಡೆಲ್, ಆಟೊಮ್ಯಾಟಿಕ್, ಸೆಕೆಂಡ್ ಹ್ಯಾಂಡ್. ಹೆಂಡತಿಯ ತವರು ಬಾಗಲಕೋಟೆ. ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೊರ್ತಿ-ಕೋಲ್ಹಾರ ಸೇತುವೆ ಮೇಲೆ ಹೋಗುವಾಗ ಕೃಷ್ಣೆಯ ಗಾಳಿಗೆ ಗಾಡಿಯೇ ಪಕ್ಕಕ್ಕೆ ಸರಿದಂತೆ ಆಗುತ್ತಿತ್ತು, ಸಾಕಪ್ಪಾ ಅನ್ನಿಸಿತ್ತು. ಕಾರಿಗೆ ಒಬ್ಬ ಮೇಸ್ತ್ರಿ ಕಡೆಯಿಂದ ಹ್ಯಾಂಡ್ ಕಂಟ್ರೋಲ್ ಹಾಕಿಸಿದೆ. ಸ್ಟೀರಿಂಗ್ ಕೆಳಗೆ ಎಡಗಡೆ ಒಂದು ಹಿಡಿಕೆ ಇದೆ, ಮುಂದಕ್ಕೆ ಒತ್ತಿದರೆ ಬ್ರೇಕ್, ನನ್ನ ಕಡೆ ಎಳೆದರೆ ಎಕ್ಸಲರೇಟರ್. ಎರಡು ಸರಳು ಕೆಳಗೆ ಹೋಗಿ ಪೆಡಲ್‌ಗಳಿಗೆ ಕಚ್ಚಿಕೊಂಡಿವೆ. ಒಂದು ವಾರದಲ್ಲಿ ಕೈ ಕುದುರಿತು.

ತಪ್ಪಿದ್ದು ಎಲ್ಲಿ ಅಂದರೆ ಇಲ್ಲಿ ಇರಬೇಕು. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಅಂಗವಿಕಲರಿಗೆ ಗಾಲಿಕುರ್ಚಿ ಚಿತ್ರ ಇರುವ ನಂಬರ್ ಪ್ಲೇಟನ್ನು ಸರ್ಕಾರವೇ ಕೊಡುತ್ತದಂತೆ, ಇಲ್ಲವೇ ಕನ್ನಡಿಗೆ ನೇತುಹಾಕುವ ನೀಲಿ ಕಾರ್ಡು. ಅವನು ಫೋಟೊ ಕಳಿಸಿದ. ಚೆನ್ನಾಗಿತ್ತು. ನಾನು ಅದನ್ನು ನಮ್ಮ ಸ್ಟಿಕ್ಕರ್ ಅಂಗಡಿಯವನಿಗೆ ತೋರಿಸಿದೆ. ಆ ಪುಣ್ಯಾತ್ಮ ಹುರುಪಿನಲ್ಲಿ ಇಡೀ ಪ್ಲೇಟೇ ನೀಲಿ ಮಾಡಿ, ಬಿಳಿ ಅಕ್ಷರದಲ್ಲಿ ಕೆಎ 28 ಬರೆದು, ಎಡಗಡೆ ಗಾಲಿಕುರ್ಚಿ, ಕೆಳಗೆ ಸಣ್ಣಗೆ 'ಅಂಗವಿಕಲರ ವಾಹನ' ಅಂತ ಹಾಕಿಕೊಟ್ಟ. ಮುಂದೊಂದು ಹಿಂದೊಂದು, 700 ರೂಪಾಯಿ.

ಅವತ್ತಿನಿಂದ ಎರಡು ತಿಂಗಳಲ್ಲಿ ಐದು ಸಲ ನಿಲ್ಲಿಸಿದ್ದಾರೆ. ಮೊದಲ ಸಲ ಒಬ್ಬರು ಕೇಳಿದ್ದು, "ಇದೇನ್ರೀ, ಎಂಬಸಿ ಗಾಡಿ ಏನಿದು?" ನಾನು ನಕ್ಕೆ, ಅವರು ನಗಲಿಲ್ಲ. ಎರಡನೇ ಸಲ ಲೈಸೆನ್ಸ್ ನೋಡಿ ಬಿಟ್ಟರು. ಮೂರನೇ ಸಲದ್ದು ಮಾತ್ರ ಮನಸ್ಸಿಗೆ ಹತ್ತಿದೆ. ಕಿಟಕಿಯಿಂದ ನನ್ನ ಮುಖ ನೋಡಿ, "ನೀವು ಛಲೋ ಅದೀರಲ್ರೀ, ಎಲ್ಲಿ ಇಳದ್ ನಡದ್ ತೋರಸ್ರಿ" ಅಂದರು. ಇಳಿದೆ. ಮಗಳು ಹಿಂದೆ ಕೂತು ನೋಡುತ್ತಿದ್ದಳು. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದೆ. "ಆತ್, ಹೋಗ್ರಿ" ಅಂದರು. ದಂಡ ಇಲ್ಲ, ಕಾಗದವನ್ನೂ ಕೇಳಲಿಲ್ಲ.

ಹೆಂಡತಿ ಹೇಳುವುದು, ಎಲ್ಲ ಸ್ಟಿಕ್ಕರ್ ಕಿತ್ತುಹಾಕಿ ಎಲ್ಲರ ಹಾಗೆ ಓಡಿಸಿ ಅಂತ. ಆದರೆ ಕಿತ್ತರೆ ಪಾರ್ಕಿಂಗ್‌ನಲ್ಲಿ ಪಕ್ಕದವರು ಬಾಗಿಲಿಗೆ ಅಂಟಿಸಿ ನಿಲ್ಲಿಸುತ್ತಾರೆ, ನನಗೆ ಕಾಲು ಹೊರಗೆ ಹಾಕಲು ಬಾಗಿಲು ಪೂರ್ತಿ ತೆಗೆಯಬೇಕು. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಪ್ಲೇಟ್ ಇಟ್ಟುಕೊಳ್ಳಲಾ, ತೆಗೆಯಲಾ?


ಹಳೇ ಟಯರ್

ಕಿತ್ತು ಬಿಸಾಕಿ. ಕತೆ ಮುಗೀತು. ಐದು ಸಲ ನಿಲ್ಲಿಸಿದ ಮೇಲೂ ಇಲ್ಲಿ ಬಂದು ಕೇಳುತ್ತಿದ್ದೀರಲ್ಲ.


ಖಾಕಿ ಮನೆ ಹುಡುಗ, ಬಾಗಲಕೋಟೆ

ನಮ್ಮ ಅಪ್ಪ ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವರು. ಅದರಲ್ಲಿ ಹನ್ನೊಂದು ವರ್ಷ ಟ್ರಾಫಿಕ್‌ನಲ್ಲೇ ನಿಂತವರು. ನಿಮ್ಮ ಪೋಸ್ಟನ್ನು ಅವರಿಗೆ ಓದಿ ಹೇಳಿದೆ. ನೀಲಿ ಪ್ಲೇಟ್ ಅಂದ ಕೂಡಲೇ ಅವರು ಕನ್ನಡಕ ತೆಗೆದರು. ಅದು ಒಳ್ಳೆಯ ಲಕ್ಷಣ ಅಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಸರ್, ನಮ್ಮ ದೇಶದಲ್ಲಿ ಅಂಗವಿಕಲರ ನಂಬರ್ ಪ್ಲೇಟ್ ಅನ್ನುವುದೇ ಇಲ್ಲ. ಸ್ವಂತ ಗಾಡಿಗೆ ಬಿಳಿ, ಬಾಡಿಗೆ ಗಾಡಿಗೆ ಹಳದಿ, ಕರೆಂಟ್ ಗಾಡಿಗೆ ಹಸಿರು. ನೀಲಿ ಮೇಲೆ ಬಿಳಿ ಅಕ್ಷರ ಅಂದರೆ ಅದು ವಿದೇಶಿ ರಾಯಭಾರಿ ಕಚೇರಿಯವರದ್ದು. ಆ ಪೊಲೀಸಪ್ಪ ಎಂಬಸಿ ಅಂದದ್ದು ತಮಾಷೆಗೆ ಅಲ್ಲ. ವಿಜಯಪುರದ ಬಿಸಿಲಲ್ಲಿ ಬೆಳಗ್ಗೆಯಿಂದ ನಿಂತವನ ಮುಂದೆ ಒಂದು ನೀಲಿ ಪ್ಲೇಟ್ ಬಂದರೆ ಅವನು ನಿಲ್ಲಿಸದೆ ಇನ್ನೇನು ಮಾಡುತ್ತಾನೆ, ನೀವೇ ಹೇಳಿ.

ಇನ್ನೊಂದು, ನಿಮ್ಮದು 2018ರ ಗಾಡಿ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಸರ್ಕಾರ ಕಡ್ಡಾಯ ಮಾಡಿದ ಸುರಕ್ಷತಾ ನಂಬರ್ ಪ್ಲೇಟ್) ಶೋರೂಮಿನಲ್ಲೇ ಹಾಕಿ ಕೊಡುತ್ತಾರೆ, ಹಳೆಯವಕ್ಕೆ ನಾವೇ ಬುಕ್ ಮಾಡಿ ಹಾಕಿಸಬೇಕು. ಆ ಅಲ್ಯುಮಿನಿಯಂ ಪ್ಲೇಟಿನ ಮೇಲೆ ಅಶೋಕ ಚಕ್ರದ ಹೊಲೊಗ್ರಾಮ್ ಇರುತ್ತದಲ್ಲ, ಅದೇ. ಅದರ ಮೇಲೆ ಗಾಲಿಕುರ್ಚಿಯೂ ಬೇಡ, ದೇವರ ಹೆಸರೂ ಬೇಡ. ಏನೇ ಅಂಟಿಸಿದರೂ ತಪ್ಪೇ, ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಹಾಕಿದರೆ ಮೊದಲ ಸಲ 500 ರೂಪಾಯಿವರೆಗೆ ದಂಡ. ಐದು ಸಲದಲ್ಲಿ ಯಾರೂ ಹಾಕಲಿಲ್ಲ ಅಂದರೆ, ಅಪ್ಪ ಹೇಳುವ ಹಾಗೆ, ಅದೇ ಅವರು ನಿಮಗೆ ಕೊಟ್ಟ ರಿಯಾಯಿತಿ.

ಸ್ಕೂಟರ್ ಮೇಲೆ ಯಾಕೆ ಯಾರೂ ನಿಲ್ಲಿಸಲಿಲ್ಲ, ಕಾರಿನಲ್ಲಿ ಯಾಕೆ ನಿಲ್ಲಿಸುತ್ತಾರೆ ಅಂದರೆ, ಸ್ಕೂಟರ್ ಮೇಲೆ ನಿಮ್ಮ ಕಾಲು ಕಾಣುತ್ತದೆ. ಪಕ್ಕದ ಗಾಲಿ ಕಾಣುತ್ತದೆ, ಊರುಗೋಲು ಕಾಣುತ್ತದೆ. ಕಾರಿನಲ್ಲಿ ಸೊಂಟದ ಮೇಲೆ ಅಷ್ಟೇ ಕಾಣುವುದು. ಹಿಂದೆ ಪ್ಲೇಟಿನಲ್ಲಿ ಅಂಗವಿಕಲ, ಮುಂದೆ ಗಾಜಿನಲ್ಲಿ ಗಟ್ಟಿಮುಟ್ಟಾದ ಆಳು. ಪ್ರೆಸ್, ಪೊಲೀಸ್, ವಕೀಲರು, ಡಾಕ್ಟರು ಅಂತ ಸುಳ್ಳು ಸ್ಟಿಕ್ಕರ್ ಹಾಕಿಕೊಂಡು ಅಡ್ಡಾಡುವವರನ್ನು ದಿನಾ ನೋಡಿ ನೋಡಿ ಅವರಿಗೆ ಸ್ಟಿಕ್ಕರ್ ಅಂದರೇ ಅನುಮಾನ. ನಿಮ್ಮದನ್ನೂ ಅದೇ ಸಾಲಿಗೆ ಸೇರಿಸುತ್ತಾರೆ.

ಹಾಗಂತ ಇಳಿದು ನಡೆದು ತೋರಿಸು ಅಂದದ್ದು ಸರಿ ಅಂತ ನಾನು ಹೇಳುವುದಿಲ್ಲ. ಅಪ್ಪನೂ ಹೇಳಲಿಲ್ಲ. "ನಾವು ಹಂಗ ಮಾಡಿಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ನೆ ಕೂತರು, ಆಮೇಲೆ "ಒಂದೆರಡ್ ಸಲ ಮಾಡಿರಬಹುದು" ಅಂದರು.


ಸೈಡ್ ವೀಲ್ ಅಕ್ಕ, ಬೈಲಹೊಂಗಲ ಕಡೆ

ಖಾಕಿ ಮನೆ ಹುಡುಗ, ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಕೊನೆಯ ಮಾತು ಎಲ್ಲರೂ ಹೇಳುವಂಥದ್ದಲ್ಲ.

ಆದರೆ ಸ್ಕೂಟರ್ ಮೇಲೆ ಯಾರೂ ನಿಲ್ಲಿಸುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಪ್ರೈಮರಿ ಶಾಲೆ ಟೀಚರ್, ದಿನಾ 14 ಕಿಲೋಮೀಟರ್ ಹೋಗಿ ಬರುತ್ತೇನೆ. ಹೋದ ವರ್ಷ ಸಂತೆ ದಿನ, ಮಧ್ಯಾಹ್ನ ಒಂದು ಗಂಟೆ ಇರಬೇಕು, ಒಬ್ಬ ಹೊಸ ಹುಡುಗ ಕೈ ಅಡ್ಡ ಹಾಕಿದ. ಸೀರೆ ಉಟ್ಟಿದ್ದೆ, ಕಾಲು ಮುಚ್ಚಿತ್ತು. ಅವನಿಗೆ ಕಂಡದ್ದು ಹಿಂದಿನ ಎರಡು ಗಾಲಿ. "ಇದೇನ್ ನಾಕ್ ಗಾಲಿ ಮಾಡ್ಸೀರಿ, ಇಳೀರಿ ಕೆಳಗ" ಅಂದ. ನಾನು ಇಳಿಯುವುದು ಅಂದರೆ ಒಂದು ದೊಡ್ಡ ಕಾರ್ಯಕ್ರಮ. ಮೊದಲು ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಬೇಕು. ಪಕ್ಕದ ಕ್ಲಿಪ್ಪಿನಿಂದ ಊರುಗೋಲು ಬಿಚ್ಚಬೇಕು. ಕ್ಯಾಲಿಪರ್‌ನ ಮೊಣಕಾಲು ಲಾಕ್ ಹಾಕಬೇಕು, ಅದು 'ಟಕ್' ಅಂದ ಮೇಲೆಯೇ ಭಾರ ಬಿಡಬಹುದು, ಇಲ್ಲದಿದ್ದರೆ ನೇರ ನೆಲಕ್ಕೆ. ಅಷ್ಟೆಲ್ಲ ಮುಗಿಯುವ ಹೊತ್ತಿಗೆ ಚುರುಮುರಿ ಗಾಡಿಯ ಸುತ್ತ ಇದ್ದವರೆಲ್ಲ ಈ ಕಡೆ ತಿರುಗಿದ್ದರು. ಅದರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವನು ಕ್ಯಾಲಿಪರ್ ನೋಡಿದ, ಮುಖ ಬಾಡಿತು, "ಆತ್ರಿ ಅಕ್ಕಾರ, ಹೋಗ್ರಿ" ಅಂದ. ಅಷ್ಟೇ. ಮತ್ತೆ ಹತ್ತಲು ಮತ್ತೆ ಅಷ್ಟೇ ಹೊತ್ತು.

ಅವತ್ತಿನಿಂದ ನಾನು ಇಳಿಯುವುದಿಲ್ಲ. ಜಗಳ ಇಲ್ಲ, ದನಿ ಏರಿಸುವುದಿಲ್ಲ. "ಸಾಹೇಬ್ರ, ನನಗ ಇಳಿಯಾಕ ಆಗೂದಿಲ್ಲ, ನೀವ ಇತ್ತ ಬರ್ರಿ" ಅನ್ನುತ್ತೇನೆ. ಬರುತ್ತಾರೆ. ಇಲ್ಲಿಯವರೆಗೆ ಬರದೇ ಇದ್ದವರು ಒಬ್ಬರೂ ಇಲ್ಲ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಕೊರಳಲ್ಲಿ ಶಾಲೆಯ ಐಡಿ ಜೊತೆಗೇ ಇರುತ್ತದೆ. ನಂದು ಹಳದಿ ಪಟ್ಟಿಯದು, ಅಂದರೆ ಅಂಗವೈಕಲ್ಯ 40ರಿಂದ 80 ಪರ್ಸೆಂಟ್ ಒಳಗೆ. 80 ಮತ್ತು ಮೇಲ್ಪಟ್ಟವರಿಗೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ. ಬಹಳ ಪೊಲೀಸರಿಗೆ ಈ ಬಣ್ಣದ ಲೆಕ್ಕ ಗೊತ್ತಿಲ್ಲ. ನಾನೇ ಪಾಠ ಮಾಡುತ್ತೇನೆ, ಅಭ್ಯಾಸ ಬಲ.

ಎಡಗೈ ಬ್ರೇಕ್ ತಮ್ಮಾ, ನೀವು ಮಗಳ ಮುಂದೆ ಹತ್ತು ಹೆಜ್ಜೆ ನಡೆದದ್ದು ಓದಿ ಹೊಟ್ಟೆ ಉರಿಯಿತು. ಲೈಸೆನ್ಸ್ ತೋರಿಸು ಅಂದರೆ ತೋರಿಸಬೇಕು, ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಅದನ್ನೇ ಹೇಳುವುದು. ಕಾಲು ತೋರಿಸು ಅಂತ ಯಾವ ಕಲಂನಲ್ಲೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಓದಿ. ಹತ್ತು ಜನರ ಮುಂದೆ ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದ ತನಕ ಜೈಲು ಅಂತ ಇದೆ. ಅದನ್ನು ದಾರಿಯಲ್ಲಿ ನಿಂತು ಬಾಯಿಪಾಠ ಒಪ್ಪಿಸಬೇಡಿ, ಕೆಲಸ ಕೆಡುತ್ತದೆ. ಆ ಹುಡುಗನ ಮೇಲೆ ನಾನೂ ಕೇಸ್ ಹಾಕಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಅಷ್ಟೇ, ಅವಮಾನ ಮಾಡುವ ಮನಸ್ಸು ಇರಲಿಲ್ಲ. ಆದರೆ ಕಾಯ್ದೆ ಇದೆ ಅನ್ನುವುದು ಗೊತ್ತಿದ್ದರೆ ನಮ್ಮ ದನಿಯೇ ಬೇರೆ ಆಗುತ್ತದೆ, ಆ ದನಿ ಅವರಿಗೂ ಕೇಳಿಸುತ್ತದೆ.

ಹಳೇ ಟಯರ್ ಅವರೇ, ನಿಮಗೆ ಬಾಗಿಲು ಅರ್ಧ ತೆಗೆದರೂ ಇಳಿಯಲು ಬರುತ್ತದೆ. ಅದಕ್ಕೇ ಕತೆ ಬೇಗ ಮುಗಿಯಿತು.


ಹನ್ನೆರಡು-ಹದಿಮೂರು ಪಾನಾ, ಬೆಳಗಾವಿ

ನಾನು ಗ್ಯಾರೇಜ್‌ನವನು. ಸೈಡ್ ವೀಲ್ ಕಿಟ್ ಕೂರಿಸುವುದು 15 ವರ್ಷದಿಂದ ಮಾಡುತ್ತಿದ್ದೇನೆ, ಕಾರಿನ ಹ್ಯಾಂಡ್ ಕಂಟ್ರೋಲ್ ಈಚೆಗೆ ಶುರು ಮಾಡಿದ್ದು. ಎಲ್ಲರೂ ಪ್ಲೇಟಿನ ಮೇಲೆ ಮಾತಾಡುತ್ತಿದ್ದೀರಿ. ನನಗೆ ಒಂದೇ ಪ್ರಶ್ನೆ ಇದೆ. ಆ ಹಿಡಿಕೆ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಇದೆಯಾ?

ಇಲ್ಲ ಅಂದರೆ ಕೂತು ಕೇಳಿ. ಕಂಪನಿ ಮಾಡಿದ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲು ಮಾಡಬಾರದು ಅನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬದಲು ಮಾಡಿ ಬರೆಸದೆ ಓಡಿಸಿದರೆ 182ಎ ಹಾಕಬಹುದು, ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಂಗವಿಕಲರಿಗಾಗಿ ಗಾಡಿ ಬದಲು ಮಾಡಲು ಕಾಯ್ದೆಯಲ್ಲೇ ದಾರಿ ಇದೆ. ಮೊದಲು 'ಇನ್ವಾಲಿಡ್ ಕ್ಯಾರೇಜ್' ಅನ್ನುತ್ತಿದ್ದರು, 2019ರ ತಿದ್ದುಪಡಿಯಲ್ಲಿ 'ಅಡಾಪ್ಟೆಡ್ ವೆಹಿಕಲ್' ಆಯಿತು. ದಾರಿ ಇದೆ, ಆದರೆ ಆ ದಾರಿ ಆರ್‌ಟಿಒ ಒಳಗಿಂದ ಹೋಗುತ್ತದೆ. ಅರ್ಜಿ ಹಾಕಬೇಕು, ಇನ್‌ಸ್ಪೆಕ್ಟರ್ ಗಾಡಿ ನೋಡಬೇಕು, ಆರ್‌ಸಿಯಲ್ಲಿ ಬರೆಯಬೇಕು. ನನ್ನ ಹತ್ತಿರ ಬರುವ ಗಿರಾಕಿಗಳಿಗೆ ಇದನ್ನು ಹೇಳಿದರೆ "ಆಮ್ಯಾಲೆ ಮಾಡಸ್ತೀವಿ ಮಾಮಾ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಸರ್ಕಾರದ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯಲ್ಲಿ ಸ್ಕೂಟರ್ ಸಿಕ್ಕವರಿಗೆ ಸಾಮಾನ್ಯವಾಗಿ ಈ ತಲೆಬಿಸಿ ಇಲ್ಲ, ಕಾಗದ ಸಮೇತ ಬರುತ್ತವೆ. ತಲೆಬಿಸಿ ಎಲ್ಲ ನಮ್ಮಂಥವರ ಹತ್ತಿರ ಹೊರಗೆ ಮಾಡಿಸಿದವರಿಗೆ.

ಪೊಲೀಸರದ್ದು ಬಿಡಿ, ಅವರು ಹಿಡಿಕೆ ನೋಡಿ ಅಯ್ಯೋ ಪಾಪ ಅಂತ ಕಳಿಸುತ್ತಾರೆ. ದೇವರು ಹಾಗೆ ಮಾಡದಿರಲಿ, ನಾಳೆ ಎಲ್ಲಾದರೂ ತಾಗಿತು ಅಂತ ಇಟ್ಟುಕೊಳ್ಳಿ. ವಿಮೆಯವರು ಅಯ್ಯೋ ಪಾಪ ಅನ್ನುವುದಿಲ್ಲ. ಸರ್ವೇಯರ್ ಬಂದು ಮೊದಲು ನೋಡುವುದೇ ಪೆಡಲ್ ಹತ್ತಿರದ ಆ ಎರಡು ಸರಳು. ಆರ್‌ಸಿಯಲ್ಲಿ ಇಲ್ಲ, ಪಾಲಿಸಿಯಲ್ಲಿ ಇಲ್ಲ ಅಂದರೆ ಕ್ಲೇಮ್‌ಗೆ ಕಲ್ಲು ಬಿತ್ತು. ಬರೆಸಿದರೆ ಲಾಭವೂ ಇದೆ. ಅಂಗವಿಕಲರಿಗಾಗಿ ಬದಲು ಮಾಡಿದ ಗಾಡಿಗೆ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆದ ಹಾನಿಯ ವಿಮೆ) ಪ್ರೀಮಿಯಂನಲ್ಲಿ 50 ಪರ್ಸೆಂಟ್ ಬಿಡುವುದು ವಿಮೆ ದರದ ಹಳೆಯ ಮೋಟಾರ್ ಟ್ಯಾರಿಫ್‌ನಿಂದಲೇ ಬಂದದ್ದು, ಕೇಳಿ ತಗೊಳ್ಳಿ, ಕೇಳದಿದ್ದರೆ ಏಜೆಂಟ್ ತಾನಾಗಿ ಹೇಳುವುದಿಲ್ಲ. ಹೆದ್ದಾರಿ ಟೋಲ್‌ನಲ್ಲೂ ಇಂಥ ಗಾಡಿಗೆ ವಿನಾಯಿತಿ ಇದೆ, ಅದಕ್ಕೆ ಬೇರೆಯೇ ಫಾಸ್ಟ್ಯಾಗ್ ಮಾಡಿಸಬೇಕು. ಹತ್ತರಗಿ ಟೋಲ್‌ನಲ್ಲಿ ಸ್ಟಿಕ್ಕರ್ ತೋರಿಸಿ ಕೈ ಮುಗಿದವರನ್ನು ನಾನೇ ನೋಡಿದ್ದೇನೆ, ದುಡ್ಡು ಕಟ್ಟಿಯೇ ಹೋದರು.

ಲೈಸೆನ್ಸ್ ಕೂಡ ತೆಗೆದು ನೋಡಿ. ನೀವು ಸೈಡ್ ವೀಲ್ ಸ್ಕೂಟರ್ ಮೇಲೆ ಟೆಸ್ಟ್ ಕೊಟ್ಟವರು. ಅದೇ ಲೈಸೆನ್ಸ್ ಈ ಕಾರಿಗೂ ಸಾಕಾ, ಇಲ್ಲ ಮತ್ತೆ ಟೆಸ್ಟ್ ಕೊಡಬೇಕಾ ಅನ್ನುವುದನ್ನು ಆರ್‌ಟಿಒ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ, ಹೊರಗೆ ಮರದ ಕೆಳಗೆ ಕೂತವರನ್ನು ಕೇಳಬೇಡಿ.


ಎಡಗೈ ಬ್ರೇಕ್, ವಿಜಯಪುರ

ಮಾಮಾ, ಸಿಕ್ಕಿಬಿದ್ದೆ. ಆರ್‌ಸಿಯಲ್ಲಿ ಬರೆಸಿಲ್ಲ. ಹಾಕಿದ ಮೇಸ್ತ್ರಿ "ಏನೂ ಆಗೂದಿಲ್ಲ, ಯಾರೂ ನೋಡೂದಿಲ್ಲ" ಅಂದಿದ್ದ. ನಾನೂ ನಂಬಿದೆ, ನಂಬಲು ಅನುಕೂಲ ಆಗಿತ್ತು.

ಈಗ ನೆನೆಸಿಕೊಂಡರೆ ಹೆದರಿಕೆ ಆಗುತ್ತದೆ. ಐದು ಸಲ ನಿಲ್ಲಿಸಿದವರಲ್ಲಿ ಒಬ್ಬರೂ ಆರ್‌ಸಿ ಕೇಳಲಿಲ್ಲ. ಕೇಳಿದ್ದು ಪ್ಲೇಟಿನ ವಿಷಯ, ಲೈಸೆನ್ಸ್, ಇಲ್ಲ ಕಾಲಿನ ವಿಷಯ.


ಕೇಳಿಸದವ, ಟಿಳಕವಾಡಿ

ನನ್ನದು ಬೇರೆ ಕೇಸು, ಆದರೂ ಬರೆಯುತ್ತೇನೆ. ನನಗೆ ಎರಡೂ ಕಿವಿ ಕೇಳಿಸುವುದಿಲ್ಲ. ಲೈಸೆನ್ಸ್ ಇದೆ. ಕಿವಿ ಕೇಳದವರಿಗೆ ಲೈಸೆನ್ಸ್ ಹೇಗೆ ಕೊಟ್ಟರು ಅಂತ ಕೇಳುವವರಿಗೆ ಒಂದು ಮಾತು. 2011ರಲ್ಲೇ ದಿಲ್ಲಿ ಹೈಕೋರ್ಟ್ ಹೇಳಿದೆ, ಎಲ್ಲರ ಹಾಗೆ ಟೆಸ್ಟ್ ಪಾಸಾದರೆ ಕೊಡಬೇಕು ಅಂತ.

ನನ್ನ ಅಂಗವೈಕಲ್ಯ ಕಾರಿನಲ್ಲೂ ಕಾಣುವುದಿಲ್ಲ, ಇಳಿದರೂ ಕಾಣುವುದಿಲ್ಲ, ನಡೆದರೂ ಕಾಣುವುದಿಲ್ಲ. ಬೆನ್ನ ಹಿಂದಿನಿಂದ ಪೊಲೀಸ್ ಸೀಟಿ ಹೊಡೆದರೆ ನನಗೆ ಗೊತ್ತೇ ಆಗುವುದಿಲ್ಲ. ನಾನು ಹೋಗುತ್ತಲೇ ಇರುತ್ತೇನೆ. ಅವರ ಲೆಕ್ಕದಲ್ಲಿ ತಪ್ಪಿಸಿಕೊಂಡು ಓಡಿದ ಆಸಾಮಿ. ಒಮ್ಮೆ ಒಂದು ಬೈಕ್ ಬಂದು ಅಡ್ಡ ನಿಂತಿತು, ಇಬ್ಬರೂ ಕೂಗುತ್ತಿದ್ದಾರೆ, ಬಾಯಿ ಅಷ್ಟೇ ಕಾಣುತ್ತಿದೆ. ನಾನು ಕಿವಿ ತೋರಿಸಿ ಕೈ ಆಡಿಸಿದೆ. ನಾಟಕ ಅಂದುಕೊಂಡು ಒಬ್ಬ ಕೀ ಕಿತ್ತುಕೊಂಡ. ಯಾಕೆ ಬೈಯುತ್ತಿದ್ದಾರೆ ಅಂತ ಗೊತ್ತಿಲ್ಲದೆ ಬೈಸಿಕೊಳ್ಳುವುದು ಎಷ್ಟು ವಿಚಿತ್ರ ಅಂದರೆ, ನಾನು ಅವರ ಮೀಸೆಯನ್ನೇ ನೋಡುತ್ತಾ ನಿಂತಿದ್ದೆ.

ಅದಕ್ಕೆ ನಾನಂತೂ ಸ್ಟಿಕ್ಕರ್ ತೆಗೆಯುವುದಿಲ್ಲ. ಹಿಂದಿನ ಗಾಜಿನ ಮೂಲೆಯಲ್ಲಿ ಕಿವಿಗೆ ಅಡ್ಡಗೆರೆ ಇರುವ ಚಿತ್ರ ಇದೆ, ಅಂಗೈ ಅಗಲ. ನಂಬರ್ ಪ್ಲೇಟ್ ಮುಟ್ಟಿಲ್ಲ. ಜೊತೆಗೆ ಸನ್ ವೈಸರ್‌ಗೆ ಒಂದು ರಟ್ಟು ಸಿಕ್ಕಿಸಿದ್ದೇನೆ. 'ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ಬರೆದು ಹೇಳಿ.' ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ, ನಮ್ಮದು ಬೆಳಗಾವಿ ಅಲ್ವಾ. ದಾರಕ್ಕೆ ಪೆನ್ಸಿಲ್ ಕಟ್ಟಿದ್ದೇನೆ, ಪೆನ್ ಇಟ್ಟರೆ ವಾಪಸ್ ಬರುವುದಿಲ್ಲ. ಚೋರ್ಲಾ ಘಾಟಿನಿಂದ ಗೋವಾಕ್ಕೆ ಹೋಗುವಾಗಲೂ ಇದೇ ರಟ್ಟು ನನ್ನನ್ನು ಕಾಪಾಡಿದ್ದು.

ಕೀ ಕಿತ್ತುಕೊಳ್ಳುವ ವಿಷಯಕ್ಕೆ ಬಂದರೆ, 2025ರ ಮೇ ಕೊನೆಯಲ್ಲಿ ಮಂಡ್ಯದಲ್ಲಿ ಪೊಲೀಸರು ಬೈಕ್ ತಡೆದಾಗ ಬಿದ್ದು ಪುಟ್ಟ ಮಗು ತೀರಿಹೋಯಿತಲ್ಲ, ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಸೂಚನೆ ಕೊಟ್ಟಿದ್ದಾರೆ. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಸುಮ್ನೆ ಕಾಗದ ನೋಡಲು ಗಾಡಿ ತಡೆಯಬಾರದು, ಕೀ ಎಳೆಯಬಾರದು ಅಂತ. ಎಡಗೈ ಬ್ರೇಕ್ ಅವರೇ, ಕಣ್ಣಿಗೆ ಕಾಣುವ ತಪ್ಪನ್ನು ನೀವೇ 700 ಕೊಟ್ಟು ಮುಂದೊಂದು ಹಿಂದೊಂದು ಹಾಕಿಸಿಕೊಂಡಿದ್ದೀರಿ.


ಖಾಕಿ ಮನೆ ಹುಡುಗ, ಬಾಗಲಕೋಟೆ

ಕೊನೆಯ ಸಾಲು ಅಪ್ಪನಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು.

ಅವರು ಹೇಳಿದ್ದು ಇನ್ನೊಂದಿದೆ. ನಿಲ್ಲಿಸಿದಾಗ ಎಂಜಿನ್ ಬಂದ್ ಮಾಡಿ, ಗಾಜು ಪೂರ್ತಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಡಿ. ಅವರು ಬಾಯಿ ತೆಗೆಯುವ ಮೊದಲೇ ಹಿಡಿಕೆ ತೋರಿಸಿ "ಹ್ಯಾಂಡ್ ಕಂಟ್ರೋಲ್ ಗಾಡಿ ರೀ ಸಾಹೇಬ್ರ" ಅಂದುಬಿಡಿ. ಹಿಡಿಕೆ ನೋಡಿದ ಮೇಲೆ ಕಾಲಿನ ಕಡೆ ಯಾರೂ ಹೋಗುವುದಿಲ್ಲ. ಕಾಗದಕ್ಕೆ ಸರ್ಕಾರದ ಡಿಜಿಲಾಕರ್ ಆ್ಯಪ್ ಸಾಕು, ನಿಯಮದಲ್ಲೇ ಒಪ್ಪಿದ್ದಾರೆ. ವಾಟ್ಸಾಪ್‌ನಲ್ಲಿ ಇಟ್ಟುಕೊಂಡ ಫೋಟೊ ನಡೆಯುವುದಿಲ್ಲ, ಎರಡಕ್ಕೂ ವ್ಯತ್ಯಾಸ ಇದೆ.


ಸೈಡ್ ವೀಲ್ ಅಕ್ಕ, ಬೈಲಹೊಂಗಲ ಕಡೆ

ಕೋಲ್ಹಾರ ಸೇತುವೆ ಮೇಲೆ ನೆಟ್‌ವರ್ಕ್ ಕೈ ಕೊಟ್ಟರೆ ಡಿಜಿಲಾಕರ್ ತಿರುಗುತ್ತಾ ಕೂರುತ್ತದೆ. ಒಂದು ಜೆರಾಕ್ಸ್ ಸೆಟ್ ಗಾಡಿಯಲ್ಲಿ ಇಟ್ಟಿರಿ ತಮ್ಮಾ. ಪ್ಲಾಸ್ಟಿಕ್ ಚೀಲದಲ್ಲಿ. ಮಳೆಗಾಲ.


ಎಡಗೈ ಬ್ರೇಕ್, ವಿಜಯಪುರ (ಐದು ವಾರದ ನಂತರ)

ಕೇಳಿದವರಿಗೆಲ್ಲ ಉತ್ತರ ಕೊಡುತ್ತಿದ್ದೇನೆ, ತಡ ಆಯಿತು.

ನೀಲಿ ಪ್ಲೇಟ್ ಅವತ್ತೇ ಬಿಚ್ಚಿದೆ. ಎಚ್‌ಎಸ್‌ಆರ್‌ಪಿ ಬುಕ್ ಮಾಡಿದೆ, ಬಂತು, ಹಾಕಿಸಿದೆ. ಸ್ಟಿಕ್ಕರ್ ಅಂಗಡಿಯವನ ಹತ್ತಿರ ದುಡ್ಡು ವಾಪಸ್ ಕೇಳಿದರೆ, "ಪ್ಲೇಟ್ ಛಲೋ ಬಂದಿತ್ತಲ್ರೀ" ಅಂದ. ಅದಕ್ಕೆ ಏನು ಹೇಳುವುದು. ಕೇಳಿಸದವ ಅವರ ಹಾಗೆ ಹಿಂದಿನ ಗಾಜಿನ ಮೂಲೆಯಲ್ಲಿ ಅಂಗೈ ಅಗಲದ ಗಾಲಿಕುರ್ಚಿ ಹಾಕಿಸಿದ್ದೇನೆ, ಬಲಗಡೆಯ ಕೆಳಗೆ 'ಬಾಗಿಲು ತೆಗೆಯಲು ಜಾಗ ಬಿಡಿ' ಅಂತ ಒಂದು ಸಾಲು. ಪಾರ್ಕಿಂಗ್‌ನಲ್ಲಿ ಹತ್ತರಲ್ಲಿ ಆರು ಜನ ಬಿಡುತ್ತಾರೆ. ಉಳಿದ ನಾಲ್ಕು ಜನ ಅದನ್ನು ಓದಿಯೇ ಅಂಟಿಸಿ ನಿಲ್ಲಿಸುತ್ತಾರೆ.

ಆರ್‌ಟಿಒಗೆ ಮೂರು ಸಲ ಹೋದೆ. ಮೊದಲ ಸಲ ಯುಡಿಐಡಿ ಮೇಲೆ ಹೆಸರು ಒಂದು ಥರ, ಆರ್‌ಸಿ ಮೇಲೆ ಇನ್ನೊಂದು ಥರ, ಅದೇ ನಮ್ಮ ಅಡ್ಡಹೆಸರು ಮೊದಲಾ ಕೊನೆಯಾ ಅನ್ನುವ ಜಗಳ. ಎರಡನೇ ಸಲ ಇನ್‌ಸ್ಪೆಕ್ಟರ್ ರಜೆ. ಮೂರನೇ ಸಲ ಅವರು ಬಂದು ಬಾಗಿಲು ತೆಗೆದು, ಕುಕ್ಕರುಗಾಲಲ್ಲಿ ಕೂತು, ಟಾರ್ಚ್ ಹಾಕಿ ಸರಳು ಅಲ್ಲಾಡಿಸಿ ನೋಡಿದರು. "ಬೋಲ್ಟ್ ಸಡಿಲ್ ಐತಿ, ಬಿಗೀ ಮಾಡ್ಸಿಕೊಂಡ್ ಬರ್ರಿ" ಅಂದರು. ಮಾಮಾ, ನಿಜಕ್ಕೂ ಸಡಿಲ ಇತ್ತು. ಅದು ಬ್ರೇಕಿನ ಸರಳು. ರಸ್ತೆಯಲ್ಲಿ ಐದು ಜನ ನಿಲ್ಲಿಸಿದರು, ಆ ಬೋಲ್ಟ್ ನೋಡಿದವರು ಇವರೊಬ್ಬರೇ. ಬಿಗಿ ಮಾಡಿಸಿಕೊಂಡು ಹೋದೆ. ಒಂದು ಸುತ್ತು ಓಡಿಸಿ ತೋರಿಸು ಅಂದರು, ತೋರಿಸಿದೆ. ಲೈಸೆನ್ಸ್ ವಿಷಯ ಕೌಂಟರಿನಲ್ಲೇ ಕೇಳಿದ್ದೇನೆ, ಅದಕ್ಕೂ ಅರ್ಜಿ ಕೊಡಿಸಿದ್ದಾರೆ. ಹೊಸ ಆರ್‌ಸಿ ಇನ್ನೂ ಅಂಚೆಯಲ್ಲಿ ಬಂದಿಲ್ಲ, ಅಲ್ಲಿಯ ತನಕ ಬಾಗಲಕೋಟೆಗೆ ಹೆಂಡತಿ ಮಗಳು ಬಸ್ಸಿನಲ್ಲೇ ಹೋಗಿ ಬರುತ್ತಿದ್ದಾರೆ, ನಾನು ಊರೊಳಗೆ ಸ್ಕೂಟರ್ ಮೇಲೆ.

ಕಾರಿನಲ್ಲಿ ಇದ್ದಾಗ ಮತ್ತೆ ನಿಲ್ಲಿಸಿದ್ದು ಒಂದೇ ಸಲ, ಆರ್‌ಟಿಒಗೆ ಹೋಗುವ ದಾರಿಯಲ್ಲೇ. ಗಾಜು ಇಳಿಸಿದೆ, ಹಿಡಿಕೆ ತೋರಿಸಿದೆ, ಆ ಮಾತು ಹೇಳಿದೆ. ಅವರು ತಲೆ ಒಳಗೆ ಹಾಕಿ ಎರಡು ನಿಮಿಷ ಹಿಡಿಕೆಯನ್ನೇ ನೋಡಿ, "ಇದಕ್ಕ ಎಷ್ಟ್ ತಗೊಂಡ್ರಿ?" ಅಂದರು. ಹೇಳಿದೆ. "ಜಾಸ್ತಿ ಆತು" ಅಂದು ಕಳಿಸಿದರು.

ನೀಲಿ ಪ್ಲೇಟ್ ಒಂದನ್ನು ಮಗಳು ತನ್ನ ಸೈಕಲ್ಲಿಗೆ ಹಿಂದೆ ಕಟ್ಟಿಕೊಂಡಿದ್ದಾಳೆ. ಸೈಕಲ್ಲಿಗಿಂತ ಅಗಲ ಇದೆ, ಗೇಟಿನಲ್ಲಿ ತಾಗುತ್ತದೆ. ಇನ್ನೊಂದು ಅಟ್ಟದ ಮೇಲಿದೆ, ಯಾರಿಗಾದರೂ ಬೇಕಾ?